ಸ್ಥಳೀಯ ಸಂಸ್ಥೆಗಳ ಚುನಾಯಿತ ಪ್ರತಿನಿಧಿಗಳಿಗೆ ಸಾರ್ವಜನಿಕ ವೆಚ್ಚದಲ್ಲಿ ವಕೀಲರ ನೆರವು

ಪಾಲಿಕೆ, ನಗರಸಭೆ, ಪಂಚಾಯತಿಗಳಿಗೆ ಆಯ್ಕೆಯಾದವರು ಹುದ್ದೆಯ ಕೆಲಸದ ಕಾರಣದಿಂದ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದರೆ, ಅವರ ವಕೀಲರ ಫೀ ಮತ್ತು ಉಳಿದ ಖರ್ಚನ್ನು ಸಂಸ್ಥೆಯ ನಿಧಿಯಿಂದಲೋ ಸರ್ಕಾರದ ಬೊಕ್ಕಸದಿಂದಲೋ ಭರಿಸುವ ಏರ್ಪಾಟು ಇದು. ಬ್ರಿಟನ್, ಫ್ರಾನ್ಸ್ ಮತ್ತು ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಸ್ಪಷ್ಟವಾದ ಕಾನೂನಿದೆ. ಭಾರತದಲ್ಲಿ ಇಂಥ ಒಂದು ಕಾಯ್ದೆ ಇಲ್ಲ. ಪಾಲಿಕೆ ಕಾಯ್ದೆಗಳ ‘ಕಾನೂನು ನಡವಳಿ’ ಅಧ್ಯಾಯ, ಸದುದ್ದೇಶದ ಕೆಲಸಕ್ಕೆ ರಕ್ಷಣೆ ಕೊಡುವ ಕಲಮು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಹೀಗೆ ನಾಲ್ಕು ಕಡೆ ಈ ವಿಷಯ ಹಂಚಿಹೋಗಿದೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ: ಸಂಸ್ಥೆಗೆ ವಕೀಲರಿದ್ದಾರೆ, ಸರ್ಕಾರಕ್ಕೆ ವಕೀಲರಿದ್ದಾರೆ, ಅಧಿಕಾರಿಗೂ ಇದ್ದಾರೆ. ಜನರ ಮತ ಪಡೆದು ಬಂದ ಸದಸ್ಯರು ಮಾತ್ರ ಬಹುತೇಕ ಸಂದರ್ಭಗಳಲ್ಲಿ ತಮ್ಮ ಜೇಬಿನ ಹಣದಿಂದಲೇ ವಕೀಲರನ್ನು ಹಿಡಿಯಬೇಕು.

ಬೇಗಂಪೇಟೆ

ಈ ಕೊರತೆ ಒಂದು ವಾರ್ಡಿನ ಮಟ್ಟದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಹೈದರಾಬಾದಿನ ಬೇಗಂಪೇಟೆ ಒಂದು ಉದಾಹರಣೆ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯೂ ಹೈಕೋರ್ಟೂ ಹೈದರಾಬಾದೇ ಆಗಿತ್ತು.

ನಗರದಲ್ಲಿ ಮುನಿಸಿಪಲ್ ಆಡಳಿತ ಶುರುವಾದದ್ದು 1869ರಲ್ಲಿ, ಮೊದಲನೆಯ ಸಾಲಾರ್ ಜಂಗರ ಕಾಲದಲ್ಲಿ. ಈಗಿನ ಆಡಳಿತದ ಬುನಾದಿ 1955ರ ಹೈದರಾಬಾದ್ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ಹೈದರಾಬಾದ್ ಮತ್ತು ಸಿಕಂದರಾಬಾದ್ ಪಾಲಿಕೆಗಳು 1960ರಲ್ಲಿ ಒಂದಾದವು. ಸುತ್ತಲಿನ 12 ಪುರಸಭೆಗಳನ್ನು ಸೇರಿಸಿಕೊಂಡು 2007ರ ಏಪ್ರಿಲ್‌ನಲ್ಲಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆ ಹುಟ್ಟಿತು. 2020ರ ಡಿಸೆಂಬರ್ 1ರಂದು ಅದರ 150 ವಾರ್ಡುಗಳಿಗೆ ಮತದಾನ ನಡೆದಾಗ ಬೇಗಂಪೇಟೆ 149ನೇ ವಾರ್ಡು.

ವಿಮಾನ ನಿಲ್ದಾಣ, ಹೋಟೆಲುಗಳು, ದೊಡ್ಡ ಕಚೇರಿಗಳು, ಹಳೆಯ ಬಂಗಲೆಗಳು, ರಸೂಲ್‌ಪುರದಂಥ ಇಕ್ಕಟ್ಟಿನ ಕೇರಿಗಳು, ಮಳೆಗಾಲಕ್ಕೆ ಉಕ್ಕುವ ನಾಲಾಗಳು ಎಲ್ಲ ಒತ್ತೊತ್ತಾಗಿರುವ ಪ್ರದೇಶವಿದು. ಇಂಥ ಕಡೆ ಕಾರ್ಪೊರೇಟರ್ ಮಾಡುವ ಪ್ರತಿ ಕೆಲಸಕ್ಕೂ ಎದುರಾಳಿ ಇದ್ದೇ ಇರುತ್ತಾನೆ. ನಾಲಾ ಒತ್ತುವರಿ ತೆರವು ಮಾಡಿಸಿ ಎಂದು ಸಭೆಯಲ್ಲಿ ಒತ್ತಾಯಿಸಿದರೆ ಮನೆ ಕಳೆದುಕೊಳ್ಳುವವರು ತಡೆಯಾಜ್ಞೆಗೆ ಹೋಗುತ್ತಾರೆ. ತೆರವು ಬೇಡವೆಂದರೆ ನೀರು ನುಗ್ಗಿಸಿಕೊಂಡವರು ರಿಟ್ ಹಾಕುತ್ತಾರೆ. ಅಕ್ರಮ ಕಟ್ಟಡದ ಹೆಸರು ಹೇಳಿ ಸಭೆಯಲ್ಲಿ ದೂರಿದರೆ ಮಾನನಷ್ಟದ ನೋಟಿಸು ಬರಬಹುದು. ಶಾಸಕರಿಗೆ ಸದನದೊಳಗಿನ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ಸಂಸದರಿಗೆ 105ನೇ ವಿಧಿಯದು. ಕೌನ್ಸಿಲ್ ಸಭಾಂಗಣದ ಮಾತಿಗೆ ಸಂವಿಧಾನ ಅಂಥ ರಕ್ಷಣೆ ಕೊಟ್ಟಿಲ್ಲ.

ತೆಲಂಗಾಣದ ಹೊಸ ಕಾಯ್ದೆಗಳು ಸದಸ್ಯರ ಹೊಣೆಯನ್ನು ಇನ್ನೂ ಬಿಗಿ ಮಾಡಿವೆ. 2018ರ ಪಂಚಾಯತ್ ರಾಜ್ ಕಾಯ್ದೆ ಮತ್ತು 2019ರ ಪುರಸಭಾ ಕಾಯ್ದೆಗಳ ಪ್ರಕಾರ ನೆಟ್ಟ ಗಿಡಗಳಲ್ಲಿ ಶೇ. 85ರಷ್ಟು ಬದುಕಿ ಉಳಿಯುವಂತೆ ನೋಡಿಕೊಳ್ಳುವುದು ಚುನಾಯಿತರ ಹೊಣೆ. ತಪ್ಪಿದರೆ ಹುದ್ದೆಗೇ ಸಂಚಕಾರ. ಸರಪಂಚರನ್ನು ಅಮಾನತು ಮಾಡುವ, ತೆಗೆದುಹಾಕುವ ಅಧಿಕಾರ ಜಿಲ್ಲಾ ಕಲೆಕ್ಟರ್ ಕೈಯಲ್ಲಿದೆ. ಗಿಡ ಒಣಗಿದ್ದು ಯಾರ ತಪ್ಪಿನಿಂದ, ನೀರಿನ ಟ್ಯಾಂಕರ್ ಬರಲಿಲ್ಲವೇ, ಹಣ ಬಿಡುಗಡೆ ಆಗಲಿಲ್ಲವೇ ಎಂಬುದನ್ನೆಲ್ಲ ದಾಖಲೆ ಸಮೇತ ಸಾಬೀತು ಮಾಡಬೇಕಾದ ಆ ಹಂತದಲ್ಲೇ ವಕೀಲರ ಅಗತ್ಯ ಹುಟ್ಟುತ್ತದೆ.

ಬೇಗಂಪೇಟೆಗೆ ಹೊಂದಿಕೊಂಡೇ ಸಿಕಂದರಾಬಾದ್ ಕಂಟೋನ್ಮೆಂಟ್ ಇದೆ. ರಸ್ತೆ ದಾಟಿದರೆ ಕಾನೂನೇ ಬೇರೆ. ಅಲ್ಲಿ 2006ರ ಕಂಟೋನ್ಮೆಂಟ್ ಕಾಯ್ದೆ ನಡೆಯುತ್ತದೆ, ಸದಸ್ಯರನ್ನು ತೆಗೆಯುವ ಅಧಿಕಾರ ಕೇಂದ್ರ ಸರ್ಕಾರದ್ದು. 2015ರ ಜನವರಿಯಲ್ಲಿ ಚುನಾವಣೆ ನಡೆದಿತ್ತು. 2023ರ ಏಪ್ರಿಲ್‌ಗೆ ಘೋಷಿಸಿದ ಚುನಾವಣೆಯನ್ನು ಮಾರ್ಚ್‌ನಲ್ಲೇ ಹಿಂದಕ್ಕೆ ಪಡೆಯಲಾಯಿತು. ಹೀಗೆ ಒಂದೇ ನಾಲಾದ ಎರಡು ದಡದ ಪ್ರತಿನಿಧಿಗಳು ಎರಡು ಬೇರೆ ಸರ್ಕಾರಗಳಿಗೆ ಉತ್ತರ ಹೇಳಬೇಕಾದ ಸ್ಥಿತಿ ಇಲ್ಲಿದೆ.

ಪಾಲಿಕೆಯ ವಕೀಲರು ಯಾರ ವಕೀಲರು?

ಹೈದರಾಬಾದ್ ಕಾಯ್ದೆಯಲ್ಲಿ ಪಾಲಿಕೆ, ಸ್ಥಾಯಿ ಸಮಿತಿ, ಆಯುಕ್ತ ಎಂಬ ಮೂರು ಪ್ರಾಧಿಕಾರಗಳಿವೆ. ದಾವೆ ಹೂಡುವುದು, ಎದುರಿಸುವುದು, ರಾಜಿ ಮಾಡಿಕೊಳ್ಳುವುದು, ಕಾನೂನು ಸಲಹೆ ಪಡೆಯುವುದು ಇವೆಲ್ಲ ದಿನನಿತ್ಯದ ವ್ಯವಹಾರದಲ್ಲಿ ಆಯುಕ್ತರ ಕೈಯಲ್ಲಿವೆ. ಮುಂಬಯಿಯ 1888ರ ಪಾಲಿಕೆ ಕಾಯ್ದೆಯಿಂದ ಬಂದ ಮಾದರಿ ಇದು. ಪಾಲಿಕೆಯ ಮೇಲೆ, ಆಯುಕ್ತರ ಮೇಲೆ, ಅಧಿಕಾರಿ ನೌಕರರ ಮೇಲೆ ಅವರ ಅಧಿಕೃತ ಕೆಲಸಕ್ಕಾಗಿ ಹೂಡಿದ ದಾವೆಯನ್ನು ಪಾಲಿಕೆಯ ಖರ್ಚಿನಲ್ಲಿ ಎದುರಿಸಬಹುದು ಎಂಬ ದೃಷ್ಟಿಯಿಂದ ಕಾನೂನು ನಡವಳಿಯ ಕಲಮು ರಚನೆಯಾದದ್ದು. ಆಡಳಿತ ನಡೆಸುವವರು ಅಧಿಕಾರಿಗಳು, ಸದಸ್ಯರು ಸಲಹೆ ಕೊಡುವ ಗಣ್ಯರು ಎಂಬ ಹತ್ತೊಂಬತ್ತನೆಯ ಶತಮಾನದ ತಿಳಿವಳಿಕೆ ಅದರ ಹಿಂದೆ ಇದೆ. ಸದಸ್ಯರು ಜನಾದೇಶ ಹೊತ್ತು ಬಂದು ಅಧಿಕಾರಿಯ ವಿರುದ್ಧವೇ ನಿಲ್ಲಬೇಕಾದ ದಿನಗಳನ್ನು ಆ ಕಾಯ್ದೆ ಬರೆದವರು ಎಣಿಸಿರಲಿಲ್ಲ.

ಪಾಲಿಕೆಯನ್ನು ಪ್ರತಿನಿಧಿಸುವ ಸ್ಟ್ಯಾಂಡಿಂಗ್ ಕೌನ್ಸೆಲ್‌ಗಳು, ಪ್ಯಾನಲ್ ವಕೀಲರು ಸೂಚನೆ ಪಡೆಯುವುದು ಆಯುಕ್ತರ ಕಚೇರಿಯಿಂದ, ಕಾನೂನು ಕೋಶದಿಂದ. ಹೊರಗಿನವರು ಪಾಲಿಕೆಯ ಒಂದು ನಿರ್ಣಯವನ್ನು ಪ್ರಶ್ನಿಸಿ, ಜತೆಗೆ ವಾರ್ಡು ಸದಸ್ಯರನ್ನೂ ಎದುರುದಾರರನ್ನಾಗಿ ಮಾಡಿದರೆ ತೊಂದರೆ ಅಷ್ಟಿಲ್ಲ. ಇಬ್ಬರ ವಾದವೂ ಒಂದೇ ಆಗಿರುವುದರಿಂದ ಪಾಲಿಕೆಯ ವಕೀಲರೇ ಇಬ್ಬರನ್ನೂ ಪ್ರತಿನಿಧಿಸಬಹುದು. ಸದಸ್ಯರು ಮತ್ತು ಆಯುಕ್ತರು ಎದುರುಬದುರಾದಾಗ ಕಥೆ ಬೇರೆ. ಸಭೆಯ ನಿರ್ಣಯವನ್ನು ಸರ್ಕಾರ ಅಮಾನತ್ತಿನಲ್ಲಿಟ್ಟರೆ ಅಥವಾ ರದ್ದು ಮಾಡಿದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವವರು ಯಾರು? ವಕಾಲತ್ತಿಗೆ ಸಹಿ ಹಾಕಬೇಕಾದ ಆಯುಕ್ತರು ಅದೇ ಸರ್ಕಾರದಿಂದ ನೇಮಕಗೊಂಡವರು. ಎದುರಾಳಿಗಳಿಬ್ಬರ ಪರವಾಗಿ ಒಬ್ಬನೇ ವಕೀಲ ನಿಲ್ಲಬಾರದು ಎಂಬುದು ವಕೀಲಿ ವೃತ್ತಿಯ ಮೂಲ ನಿಯಮ. ಹಾಗಾಗಿ ಇಂಥ ಸಂದರ್ಭದಲ್ಲಿ ಪಾಲಿಕೆಯ ವಕೀಲರು ಸಂಸ್ಥೆಯ ಕಡೆ, ಅಂದರೆ ಆಯುಕ್ತರ ಕಡೆ ನಿಲ್ಲುತ್ತಾರೆ. ಸದಸ್ಯರು ಹೊರಗೆ ವಕೀಲರನ್ನು ಹುಡುಕುತ್ತಾರೆ.

ಸರ್ಕಾರಿ ನೌಕರರ ವಿಷಯದಲ್ಲಿ ಈ ಗೊಂದಲವನ್ನು ಬಹಳ ಹಿಂದೆಯೇ ಬಗೆಹರಿಸಲಾಗಿದೆ. ಕೇಂದ್ರ ಗೃಹ ಸಚಿವಾಲಯ 1959ರ ಜನವರಿ 8ರಂದು ಹೊರಡಿಸಿದ ಜ್ಞಾಪನ ಪತ್ರ ಬಗೆಬಗೆಯ ಸಂದರ್ಭಗಳನ್ನು ಬೇರೆಬೇರೆ ಮಾಡಿ ಹೇಳುತ್ತದೆ. ಸರ್ಕಾರವೇ ನೌಕರನ ಮೇಲೆ ಮೊಕದ್ದಮೆ ಹೂಡಿದರೆ ಮೊದಲಿಗೆ ನೆರವಿಲ್ಲ, ಆದರೆ ಅವನ ಪರವಾಗಿ ತೀರ್ಪು ಬಂದರೆ ಖರ್ಚು ಮರಳಿಸುವುದನ್ನು ಪರಿಶೀಲಿಸಬಹುದು. ಖಾಸಗಿಯವರು ಅಧಿಕೃತ ಕೆಲಸದ ಬಗ್ಗೆ ಮೊಕದ್ದಮೆ ಹೂಡಿದರೆ ಸರ್ಕಾರ ತಾನೇ ಅದನ್ನು ಎದುರಿಸಬಹುದು. ನೌಕರನೇ ತನ್ನ ಕೆಲಸಕ್ಕೆ ಸಂಬಂಧಿಸಿ ಕೋರ್ಟಿಗೆ ಹೋಗುವುದಾದರೆ ಮುಂಚೆ ಅನುಮತಿ ಪಡೆದಿರಬೇಕು. ಗುಮಾಸ್ತರಿಗೂ ಸಿಗುವ ಈ ಸ್ಪಷ್ಟತೆ ಕಾರ್ಪೊರೇಟರ್‌ಗೆ, ಪಂಚಾಯತಿ ಅಧ್ಯಕ್ಷೆಗೆ ಇಲ್ಲದಿರುವುದು ನಮ್ಮ ಸ್ಥಳೀಯ ಆಡಳಿತದ ದೊಡ್ಡ ಕೊರತೆ.

ಹೊಣೆ ಇದೆ, ಕವಚವಿಲ್ಲ

ಸ್ಥಳೀಯ ಸಂಸ್ಥೆಯ ಸದಸ್ಯರು ‘ಸಾರ್ವಜನಿಕ ನೌಕರರು’ ಹೌದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಮನೀಶ್ ತ್ರಿವೇದಿ ಪ್ರಕರಣದಲ್ಲಿ (2013ರ ಅಕ್ಟೋಬರ್) ಹೌದು ಎಂದು ಉತ್ತರಿಸಿತು. ರಾಜಸ್ಥಾನದ ಬಾಂಸ್‌ವಾಡಾ ಪುರಸಭೆಯ ಸದಸ್ಯರ ಪ್ರಕರಣವದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಉದ್ದೇಶಕ್ಕೆ ಕೌನ್ಸಿಲರ್ ಸಾರ್ವಜನಿಕ ಕರ್ತವ್ಯ ನಿರ್ವಹಿಸುವ ಹುದ್ದೆಯಲ್ಲಿರುವವರು, ಹಾಗಾಗಿ ಆ ಕಾಯ್ದೆ ಅವರಿಗೆ ಅನ್ವಯಿಸುತ್ತದೆ ಎಂದು ಕೋರ್ಟು ಹೇಳಿತು. ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಕಾಯ್ದೆಯೂ ಸ್ಥಳೀಯ ಸಂಸ್ಥೆಗಳ ಪದಾಧಿಕಾರಿಗಳನ್ನು ಮುಟ್ಟುತ್ತದೆ. ಈ ಹೊಣೆ ನ್ಯಾಯವಾದದ್ದೇ. ಜನರ ತೆರಿಗೆ ಹಣ ಮುಟ್ಟುವವರು ಲೆಕ್ಕ ಕೊಡಲೇಬೇಕು.

ಹೊಣೆಯ ಜತೆ ಬರಬೇಕಾದ ರಕ್ಷಣೆ ಮಾತ್ರ ಅರ್ಧಂಬರ್ಧ. ಸರ್ಕಾರದ ಅನುಮತಿಯಿಲ್ಲದೆ ಹುದ್ದೆಯಿಂದ ತೆಗೆಯಲಾಗದ ಸಾರ್ವಜನಿಕ ನೌಕರರ ಮೇಲೆ, ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಮೊಕದ್ದಮೆ ಹೂಡಲು ಮಂಜೂರಾತಿ ಬೇಕು ಎಂಬ ನಿಯಮ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 197ನೇ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಪ್ರಕರಣ. ಸದಸ್ಯರೇ ಅವಿಶ್ವಾಸದಿಂದ ಇಳಿಸಬಹುದಾದ ಅಧ್ಯಕ್ಷರಿಗೆ ಈ ಕವಚ ಸಿಗುತ್ತದೆಯೇ ಎಂಬುದೇ ವಾದದ ವಸ್ತು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ದಾವೆ ನಿಲ್ಲದು ಎಂಬ ಕಲಮು ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲಿ ಸಾಮಾನ್ಯವಾಗಿ ಇದೆ. ಆದರೆ ಉದ್ದೇಶ ಒಳ್ಳೆಯದಿತ್ತು ಎಂದು ತೋರಿಸಲಿಕ್ಕೂ ಕೋರ್ಟಿಗೆ ಹಾಜರಾಗಬೇಕು, ತಕರಾರು ಸಲ್ಲಿಸಬೇಕು, ತಾರೀಖಿನಿಂದ ತಾರೀಖಿಗೆ ಅಲೆಯಬೇಕು. ದಾವೆ ಕೊನೆಗೆ ವಜಾ ಆದರೂ ಅಷ್ಟರೊಳಗೆ ಆದ ಖರ್ಚು ಸದಸ್ಯರದೇ.

ಕರ್ನಾಟಕದ ಗ್ರಾಮ ಪಂಚಾಯತಿಗಳು

ಈ ವಿಷಯದ ತೀವ್ರತೆ ಗೊತ್ತಾಗಬೇಕಾದರೆ ಮಹಾನಗರ ಬಿಟ್ಟು ಹಳ್ಳಿಗೆ ಬರಬೇಕು. ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯತಿಗಳಿವೆ, 90,000ಕ್ಕೂ ಹೆಚ್ಚು ಸದಸ್ಯ ಸ್ಥಾನಗಳಿವೆ, ಅವುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. 2023ರ ಹೊತ್ತಿಗೆ ಅಧ್ಯಕ್ಷರ ಗೌರವಧನ ತಿಂಗಳಿಗೆ 6,000 ರೂಪಾಯಿ, ಸದಸ್ಯರದು 2,000. ಹೈಕೋರ್ಟಿನಲ್ಲಿ ಒಂದು ರಿಟ್ ಅರ್ಜಿ ಹಾಕಿಸಿ ತಡೆಯಾಜ್ಞೆ ಪಡೆಯಲು ಎಷ್ಟು ಬೇಕು ಎಂಬುದನ್ನು ಬಲ್ಲವರಿಗೆ ಈ ಮೊತ್ತದ ಅರ್ಥ ಆಗುತ್ತದೆ.

ಪಂಚಾಯತಿಯ ಹೆಸರಿನ ಮೇಲೆ ಬರುವ ದಾವೆಗಳಿಗೆ ದಾರಿ ಸರಳ. ನಿವೇಶನದ ತಕರಾರು, ಖಾತೆ ಬದಲಾವಣೆ, ಓಣಿಯ ದಾರಿ ವ್ಯಾಜ್ಯ ಇಂಥವಕ್ಕೆ ಸಾಮಾನ್ಯ ಸಭೆ ಠರಾವು ಮಾಡಿ ವಕೀಲರನ್ನು ನೇಮಿಸುತ್ತದೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವಕಾಲತ್ತಿಗೆ ಸಹಿ ಮಾಡುತ್ತಾರೆ, ಫೀಯನ್ನು ಪಂಚಾಯತಿ ನಿಧಿಯಿಂದ ಕೊಡಲಾಗುತ್ತದೆ. ಅಧ್ಯಕ್ಷರ ಸ್ವಂತ ಹೆಸರಿಗೆ ಬಂದ ನೋಟಿಸಿಗೆ ಅದೇ ನಿಧಿಯಿಂದ ಹಣ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ, ವಸೂಲಿಗೆ ಬರೆಯಲಾಗುತ್ತದೆ. ಹಾಗಾಗಿ ಹಣ ಕೊಡಲು ಹೆದರುವ ಪಿಡಿಒ ತಪ್ಪು ಮಾಡುತ್ತಿಲ್ಲ. ಕೊಡಬಹುದು ಎಂದು ಹೇಳುವ ನಿಯಮ ಅವರ ಕೈಯಲ್ಲಿಲ್ಲ.

1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ಚುನಾಯಿತರನ್ನು ಇಳಿಸುವ ದಾರಿಗಳು ಹಲವು. 49ನೇ ಪ್ರಕರಣದ ಅವಿಶ್ವಾಸ ನಿರ್ಣಯದಲ್ಲಿ ಸಭೆ ಕರೆಯುವವರು ಉಪವಿಭಾಗಾಧಿಕಾರಿ. ದುರ್ನಡತೆಗಾಗಿ ಸದಸ್ಯತ್ವವನ್ನೇ ತೆಗೆಯುವುದು 43-ಎ. ಅಧ್ಯಕ್ಷ ಉಪಾಧ್ಯಕ್ಷರನ್ನು ಹುದ್ದೆಯಿಂದ ಸರ್ಕಾರ ತೆಗೆಯುವುದು 48ನೇ ಪ್ರಕರಣದ 4ನೇ ಉಪಪ್ರಕರಣ. ಇವುಗಳಲ್ಲಿ ಅವಿಶ್ವಾಸವೂ, ಇವುಗಳ ಹೊರಗಿನ ಚುನಾವಣಾ ತಕರಾರೂ ರಾಜಕೀಯ ಹಣಾಹಣಿ. ಅವುಗಳ ಖರ್ಚನ್ನು ಜನರ ಮೇಲೆ ಹೊರಿಸುವುದು ಸರಿಯಲ್ಲ ಎಂದೇ ಈ ಲೇಖಕನ ಅಭಿಪ್ರಾಯ. ಗೆದ್ದವರ ಹಣವನ್ನು ಪಂಚಾಯತಿ ಕೊಟ್ಟರೆ ಸೋತವರದನ್ನೂ ಕೊಡಬೇಕಾಗುತ್ತದೆ.

48(4)ರಂಥ ನಡವಳಿ ಹಾಗಲ್ಲ. ಅಲ್ಲಿ ದೂರು, ವಿಚಾರಣೆ, ಆದೇಶ ಮೂರೂ ಆಡಳಿತ ಯಂತ್ರದಿಂದಲೇ ಬರುತ್ತವೆ. ಕಾರಣ ಕೇಳುವ ನೋಟಿಸಿಗೆ ಉತ್ತರ ಕೊಡಲು ಬೇಕಾದ ನಗದು ಪುಸ್ತಕ, ಅಳತೆ ಪುಸ್ತಕ, ಬಿಲ್ಲುಗಳೆಲ್ಲ ಪಿಡಿಒ ಬೀರುವಿನಲ್ಲಿರುತ್ತವೆ. ಆದೇಶ ಹೊರಟ ಮೇಲೆ ಅಧ್ಯಕ್ಷೆ ಹೈಕೋರ್ಟಿಗೆ ಹೋದಾಗ ಎದುರಿಗೆ ನಿಲ್ಲುವ ಸರ್ಕಾರದ ಪರ ಸರ್ಕಾರಿ ವಕೀಲರು, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ (ಸಿಇಒ) ಪರ ಪ್ಯಾನಲ್ ವಕೀಲರು. ಪಂಚಾಯತಿಯನ್ನೂ ಎದುರುದಾರರನ್ನಾಗಿ ಮಾಡಿದ್ದರೆ ಅದಕ್ಕೂ ಒಬ್ಬರು. ಇವರೆಲ್ಲರ ಫೀ ಸಾರ್ವಜನಿಕ ಹಣ. ಇಡೀ ಕೋರ್ಟು ಹಾಲಿನಲ್ಲಿ ಸ್ವಂತ ದುಡ್ಡಿನಿಂದ ವಾದಿಸುತ್ತಿರುವ ಕಕ್ಷಿದಾರಳು ಊರಿನವರು ಆರಿಸಿ ಕಳಿಸಿದ ಆಕೆ ಒಬ್ಬಳೇ.

ದೂರದ ಖರ್ಚೂ ಚಿಕ್ಕದಲ್ಲ. 1956ರ ನಂತರ ಬೀದರ್‌ನವರು ಹೈದರಾಬಾದ್ ಬಿಟ್ಟು ಬೆಂಗಳೂರಿಗೆ ಅಲೆಯಬೇಕಾಯಿತು. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದು 2013ರಲ್ಲಿ ಕಾಯಂ ಆದ ಮೇಲೆ ಉತ್ತರದ ಜಿಲ್ಲೆಗಳ ಪಂಚಾಯತಿ ಸದಸ್ಯರಿಗೆ ಸ್ವಲ್ಪ ಉಸಿರು ಬಂದಿತು. ಭಾಷೆಯ ತೊಡಕು ಹಾಗೇ ಇದೆ. ಪಂಚಾಯತಿಯ ನಡವಳಿ ಪುಸ್ತಕ ಕನ್ನಡದಲ್ಲಿ, ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ನಡುವಿನ ಅನುವಾದದ ಖರ್ಚು ಕೂಡ ಕಕ್ಷಿದಾರರದು.

ನಗರ ಸಂಸ್ಥೆಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. 2018ರ ಆಗಸ್ಟ್ 31ರಂದು ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಆರಿಸಿ ಬಂದವರಲ್ಲಿ ಬಹಳ ಮಂದಿ ಎರಡು ವರ್ಷದಷ್ಟು ಕಾಲ ಆಡಳಿತ ಮಂಡಳಿಯೇ ಇಲ್ಲದೆ ಕಾದರು. ಕಲಬುರಗಿ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರ್‌ನಲ್ಲಿ ಮತದಾನವಾದರೂ ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ. ಇಂಥ ವ್ಯಾಜ್ಯಗಳಲ್ಲಿ ಸರ್ಕಾರದ ಕಡೆಗೆ ಅಡ್ವೊಕೇಟ್ ಜನರಲ್ ಕಚೇರಿ ಇರುತ್ತದೆ. ಸದಸ್ಯರ ಕಡೆಗೆ ಇರುವುದು ಪಕ್ಷದ ಕೃಪೆ, ಇಲ್ಲವೇ ಸಾಲ. ಪಕ್ಷದ ಹಣದಿಂದ ಹುದ್ದೆ ಉಳಿಸಿಕೊಂಡ ಸದಸ್ಯರು ಮುಂದೆ ಯಾರ ಮಾತು ಕೇಳುತ್ತಾರೆ ಎಂಬುದನ್ನೂ ಯೋಚಿಸಬೇಕು. ವಾರ್ಡಿನ ಮತದಾರರಿಗಿಂತ ಫೀ ಕಟ್ಟಿದವರ ಋಣ ದೊಡ್ಡದಾಗುತ್ತದೆ.

ಗಡಿಯಾಚೆಯ ಕನ್ನಡಿಗರು

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಂಥ ಕಡೆಗಳಲ್ಲಿ ಮನೆಮಾತು ಕನ್ನಡ, ಕಚೇರಿ ಕಡತ ತೆಲುಗು, ಹೈಕೋರ್ಟಿನ ಭಾಷೆ ಇಂಗ್ಲಿಷ್. ಕಾಸರಗೋಡಿನ ಕನ್ನಡ ಸದಸ್ಯರದು ಇದೇ ಪಾಡು, ತೆಲುಗಿನ ಜಾಗದಲ್ಲಿ ಮಲಯಾಳ. ಕೇರಳದ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಸದಸ್ಯರ ಅನರ್ಹತೆ, ಪಕ್ಷಾಂತರದ ಅರ್ಜಿಗಳನ್ನು ವಿಚಾರಣೆ ಮಾಡುವುದು ರಾಜ್ಯ ಚುನಾವಣಾ ಆಯೋಗ. ಅದಕ್ಕೆ 1994ರ ಪಂಚಾಯತ್ ರಾಜ್ ಕಾಯ್ದೆ ಮತ್ತು 1999ರ ಪಕ್ಷಾಂತರ ನಿಷೇಧ ಕಾಯ್ದೆ ಆಧಾರ. ತೆಗೆಯುವ ಅಧಿಕಾರವನ್ನು ಆಳುವ ಸರ್ಕಾರದ ಕೈಯಿಂದ ಸ್ವತಂತ್ರ ಸಂಸ್ಥೆಗೆ ಕೊಟ್ಟದ್ದು ಒಳ್ಳೆಯ ಮಾರ್ಗ. ಆದರೆ ಆಯೋಗ ಇರುವುದು ತಿರುವನಂತಪುರದಲ್ಲಿ, ಮಂಜೇಶ್ವರದ ಸದಸ್ಯರು ಇಡೀ ಕೇರಳವನ್ನು ಉದ್ದಕ್ಕೂ ದಾಟಿ ಹೋಗಬೇಕು.

ಸುಪ್ರೀಂ ಕೋರ್ಟು ಹೇಳಿದ್ದು

ಸಾರ್ವಜನಿಕ ವೆಚ್ಚದ ವಕಾಲತ್ತು ಸದಸ್ಯರ ಹಕ್ಕು ಎಂದು ಹೇಳುವ ತೀರ್ಪುಗಳ ಸರಣಿ ಬೆಳೆದಿಲ್ಲ. ಬೆಳೆದಿರುವುದು ಪದಚ್ಯುತಿಯ ಬಗೆಗಿನ ತೀರ್ಪುಗಳು. ಪಂಜಾಬಿನ ರಾಜಪುರಾ ಪುರಸಭೆಯ ಅಧ್ಯಕ್ಷರ ಪ್ರಕರಣದಲ್ಲಿ (ತರ್ಲೋಚನ್ ದೇವ್ ಶರ್ಮಾ, 2001), ಮಹಾರಾಷ್ಟ್ರದ ಉರಣ್ ನಗರ ಪರಿಷತ್ತಿನ ಪ್ರಕರಣದಲ್ಲಿ (ರವಿ ಯಶವಂತ ಭೋಯಿರ್, 2012) ಚುನಾಯಿತರನ್ನು ಅವಧಿಗೆ ಮುಂಚೆ ಇಳಿಸುವುದು ಗಂಭೀರ ಕ್ರಮ, ಅದಕ್ಕೆ ಬಲವಾದ ಕಾರಣ ಮತ್ತು ನ್ಯಾಯಯುತ ವಿಚಾರಣೆ ಬೇಕು ಎಂದು ಕೋರ್ಟು ಒತ್ತಿ ಹೇಳಿತು.

2024ರ ಎರಡು ತೀರ್ಪುಗಳು ಇನ್ನೂ ಹತ್ತಿರದವು. ಜಳಗಾಂವ್ ಜಿಲ್ಲೆಯ ವಿಚಖೇಡಾದ ಸರಪಂಚರಾಗಿದ್ದ ಮನೀಷಾ ರವೀಂದ್ರ ಪಾನಪಾಟೀಲರು ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯಲ್ಲಿ ಅತ್ತೆಯ ಜತೆ ವಾಸವಿದ್ದಾರೆ ಎಂಬ ಆರೋಪದ ಮೇಲೆ ಅನರ್ಹಗೊಂಡರು. ತಾನು ಬೇರೆ ಬಾಡಿಗೆ ಮನೆಯಲ್ಲಿದ್ದೇನೆ ಎಂಬ ಅವರ ಮಾತು ಕೆಳಗಿನ ಯಾವ ಹಂತದಲ್ಲೂ ನಿಲ್ಲಲಿಲ್ಲ. ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಆ ಆದೇಶಗಳನ್ನು ಬದಿಗೆ ಸರಿಸಿ, ಮಹಿಳೆ ಸರಪಂಚಳಾದುದನ್ನು ಒಪ್ಪಿಕೊಳ್ಳಲಾಗದ ಮನೋಭಾವ ಇದರ ಹಿಂದಿದೆ ಎಂದು ಗುರುತಿಸಿತು. ಛತ್ತೀಸಗಢದ ಜಶ್‌ಪುರ ಜಿಲ್ಲೆಯ ಸಾಜಬಹಾರದ ಸೋನಂ ಲಾಕ್ರಾ 27ರ ಹರೆಯದ ಸರಪಂಚೆ. ಕಾಮಗಾರಿ ತಡವಾಯಿತೆಂದು ಅವರನ್ನು ತೆಗೆದುಹಾಕಲಾಗಿತ್ತು. ನವೆಂಬರ್ 14ರಂದು ಕೋರ್ಟು ಅವರನ್ನು ಮರಳಿ ಕೂರಿಸಿ, ಕಿರುಕುಳಕ್ಕಾಗಿ ರಾಜ್ಯ ಸರ್ಕಾರ ಅವರಿಗೆ 1 ಲಕ್ಷ ರೂಪಾಯಿ ಕೊಡಬೇಕೆಂದಿತು, ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲಿ ಮಾಡಿಕೊಳ್ಳಬಹುದೆಂದೂ ಹೇಳಿತು. ಚುನಾಯಿತರ ಕೋರ್ಟು ಖರ್ಚನ್ನು ಸಾರ್ವಜನಿಕ ಹಣದಿಂದ ತುಂಬಿಕೊಡುವುದಕ್ಕೆ ಭಾರತದಲ್ಲಿ ಸಿಗುವ ಅತಿ ಹತ್ತಿರದ ಉದಾಹರಣೆ ಇದೇ. ಗೆದ್ದ ನಂತರ, ದೆಹಲಿಯವರೆಗೂ ಹೋದ ನಂತರ ಸಿಕ್ಕ ಹಣ ಅದು. ಜಿಲ್ಲಾಧಿಕಾರಿಯ ಆದೇಶದ ಮುಂದೆಯೇ ಸೋತು ಸುಮ್ಮನಾದವರಿಗೆ ಇದರಿಂದ ಏನೂ ದಕ್ಕುವುದಿಲ್ಲ.

ಈಗಲೇ ತೆರೆದಿರುವ ದಾರಿ

ಸಂವಿಧಾನದ 39-ಎ ವಿಧಿಯ ಆಶಯದಂತೆ ಬಂದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಪ್ರಕರಣದ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಪಂಚಾಯತಿ ಅಧ್ಯಕ್ಷೆಯಾದ ಮಾತ್ರಕ್ಕೆ ಈ ಅರ್ಹತೆ ಹೋಗುವುದಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರದಾಗಿರುವ, ಪರಿಶಿಷ್ಟರಿಗೂ ಮೀಸಲಾತಿ ಇರುವ ವ್ಯವಸ್ಥೆಯಲ್ಲಿ ಇದರ ಅರ್ಥ ದೊಡ್ಡದು: ಕರ್ನಾಟಕದ ಚುನಾಯಿತ ಸದಸ್ಯರಲ್ಲಿ ಅರ್ಧಕ್ಕೂ ಮಿಕ್ಕಿದವರು ಕಾನೂನಿನ ದೃಷ್ಟಿಯಲ್ಲಿ ಈಗಾಗಲೇ ಸಾರ್ವಜನಿಕ ವೆಚ್ಚದ ವಕೀಲರಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ, ಇಲ್ಲವೇ ಹೈಕೋರ್ಟು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಅನ್ನಿಸಬೇಕು, ಅಷ್ಟೆ. ಸದಸ್ಯರಿಗೆ ಕೊಡುವ ತರಬೇತಿಯಲ್ಲಿ ಈ ಒಂದು ಸಂಗತಿಯನ್ನು ಮೊದಲ ದಿನವೇ ಹೇಳಬೇಕು.

ಮಿತಿಗಳೂ ಇವೆ. ಚುನಾವಣಾ ವ್ಯಾಜ್ಯ, ಮಾನನಷ್ಟದ ಮೊಕದ್ದಮೆಗಳಿಗೆ ನೆರವಿಲ್ಲ ಎಂದು ಹಲವು ರಾಜ್ಯಗಳ ಕಾನೂನು ಸೇವಾ ನಿಯಮಾವಳಿಗಳು ಹೇಳುತ್ತವೆ. ಹಿಂದುಳಿದ ವರ್ಗದ ಬಡ ಪುರುಷ ಸದಸ್ಯರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಈ ನೆರವು ಸಿಗುವುದು ವ್ಯಕ್ತಿಗೆ, ಆಕೆಯ ಲಿಂಗ ಜಾತಿಗಳ ಕಾರಣಕ್ಕೆ. ಹುದ್ದೆಯ ಕಾರಣಕ್ಕೆ ಸಿಗುವ ನೆರವು ಇದಲ್ಲ.

ಬೇರೆ ದೇಶಗಳು

ಇಂಗ್ಲೆಂಡಿನಲ್ಲಿ 2004ರ ಆದೇಶವೊಂದು ಸ್ಥಳೀಯ ಸಂಸ್ಥೆಗಳಿಗೆ ತಮ್ಮ ಸದಸ್ಯರ, ಅಧಿಕಾರಿಗಳ ಕಾನೂನು ಖರ್ಚು ಭರಿಸುವ ಅಧಿಕಾರ ಕೊಟ್ಟಿತು. ಕ್ರಿಮಿನಲ್ ಮೊಕದ್ದಮೆಯಲ್ಲೂ ಪ್ರತಿವಾದಕ್ಕೆ ಹಣ ಕೊಡಬಹುದು, ಶಿಕ್ಷೆಯಾದರೆ ಹಣ ಮರಳಿಸಬೇಕು. ಮಾನನಷ್ಟದ ದಾವೆ ಎದುರಿಸಲು ಕೊಡಬಹುದು, ತಾನೇ ಹೂಡಲು ಕೊಡುವಂತಿಲ್ಲ. ಟೀಕಿಸಿದ ನಾಗರಿಕನ ಮೇಲೆ ಅವನದೇ ತೆರಿಗೆ ಹಣದಿಂದ ದಾವೆ ಹೂಡುವುದನ್ನು ಈ ಕೊನೆಯ ಗೆರೆ ತಡೆಯುತ್ತದೆ. ವೇಲ್ಸ್‌ನಲ್ಲೂ ಇಂಥದೇ ಆದೇಶ 2006ರಲ್ಲಿ ಬಂತು. ಅಲ್ಲಿನ ಕಾರ್ಮಾರ್ಥನ್‌ಷೈರ್ ಕೌನ್ಸಿಲ್ ತನ್ನ ಮುಖ್ಯ ಕಾರ್ಯನಿರ್ವಾಹಕರ ಮಾನನಷ್ಟದ ಪ್ರತಿದಾವೆಗೆ ಹಣ ಕೊಟ್ಟದ್ದು ಕಾನೂನುಬಾಹಿರ ಎಂದು 2014ರ ಜನವರಿಯಲ್ಲಿ ಲೆಕ್ಕಪರಿಶೋಧಕರು ಹೇಳಿದರು.

ಕ್ಯಾಲಿಫೋರ್ನಿಯದಲ್ಲಿ ಹುದ್ದೆಯ ಕೆಲಸಕ್ಕೆ ಸಂಬಂಧಿಸಿದ ಸಿವಿಲ್ ದಾವೆಯಲ್ಲಿ ಚುನಾಯಿತರೂ ಸೇರಿದಂತೆ ಎಲ್ಲರಿಗೂ ಸಾಮಾನ್ಯವಾಗಿ ಸಂಸ್ಥೆ ವಕೀಲರನ್ನು ಒದಗಿಸಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಅದು ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು.

ಕರ್ನಾಟಕಕ್ಕೆ ಹೆಚ್ಚು ಹೊಂದುವುದು ಫ್ರಾನ್ಸ್. ಸುಮಾರು 35,000 ಕಮ್ಯೂನ್‌ಗಳಿರುವ ಆ ದೇಶದಲ್ಲಿ ಅನೇಕವು ನಮ್ಮ ಒಂದು ಪಂಚಾಯತಿಗಿಂತಲೂ ಚಿಕ್ಕವು. ಹುದ್ದೆಯ ಕೆಲಸದಿಂದ ಬೇರ್ಪಡಿಸಲಾಗದ ಕೃತ್ಯಕ್ಕಾಗಿ ಮೇಯರ್ ಮೇಲೆ ಕ್ರಿಮಿನಲ್ ಮೊಕದ್ದಮೆ ಬಿದ್ದರೆ ಕಮ್ಯೂನ್ ರಕ್ಷಣೆ ಕೊಡಬೇಕು. ಸ್ವಂತ ತಪ್ಪಿಗೆ ಕೊಡುವಂತಿಲ್ಲ. ಇದಕ್ಕಾಗಿ ಪ್ರತಿ ಕಮ್ಯೂನ್ ವಿಮೆ ಮಾಡಿಸಬೇಕೆಂದು 2019ರ ಡಿಸೆಂಬರ್ 27ರ ಕಾಯ್ದೆ ಹೇಳಿತು. ಚಿಕ್ಕ ಕಮ್ಯೂನ್‌ಗಳ ವಿಮೆಯ ಹೊರೆಯನ್ನು ರಾಷ್ಟ್ರ ಸರ್ಕಾರ ತುಂಬಿಕೊಡುತ್ತದೆ. ಹಲ್ಲೆ, ಬೆದರಿಕೆಗೆ ಗುರಿಯಾದ ಮೇಯರ್‌ಗಳಿಗೆ ರಕ್ಷಣೆ ತಾನಾಗಿಯೇ ಸಿಗುವಂತೆ 2024ರ ಮಾರ್ಚ್ 21ರ ಕಾಯ್ದೆ ಮಾಡಿತು. ಬಡ ಪಂಚಾಯತಿಯೊಂದು ತನ್ನ ಅಧ್ಯಕ್ಷರ ಫೀ ಕಟ್ಟಲಾರದು ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರವಿದೆ: ಹೊರೆಯನ್ನು ಪಂಚಾಯತಿಯ ಮೇಲೆ ಬಿಡದೆ ರಾಜ್ಯಮಟ್ಟದ ವಿಮೆಗೋ ನಿಧಿಗೋ ಹಂಚಬೇಕು. ಹಣ ಮಂಜೂರು ಮಾಡುವ ಅಧಿಕಾರ ಬಹುಮತದ ಗುಂಪಿಗೂ ಸಿಗಬಾರದು, ಆಯುಕ್ತರಿಗೂ ಸಿಗಬಾರದು. ಬಹುಮತದ ಕೈಗೆ ಕೊಟ್ಟರೆ ವಿರೋಧ ಪಕ್ಷದ ಸದಸ್ಯರಿಗೆ ಹಣ ಬರುವುದಿಲ್ಲ, ಆಯುಕ್ತರ ಕೈಗೆ ಕೊಟ್ಟರೆ ಅವರನ್ನು ಪ್ರಶ್ನಿಸಿದವರಿಗೆ ಬರುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಂಥ ನ್ಯಾಯಾಂಗದ ನೆರಳಿನ ಸಂಸ್ಥೆ ಈ ಕೆಲಸಕ್ಕೆ ಯೋಗ್ಯ.

ಅವಧಿ ಮುಗಿದ ಮೇಲೆ

ಸದಸ್ಯತ್ವ ಐದು ವರ್ಷಕ್ಕೆ ಮುಗಿಯುತ್ತದೆ, ಕೇಸು ಮುಗಿಯುವುದಿಲ್ಲ. ಅಧ್ಯಕ್ಷರಾಗಿದ್ದಾಗ ಸಹಿ ಹಾಕಿದ ಚೆಕ್ಕು, ಮಾಡಿದ ಠರಾವಿನ ಬಗ್ಗೆ ಹತ್ತು ವರ್ಷದ ನಂತರವೂ ಸಮನ್ಸು ಬರಬಹುದು. ಅಷ್ಟರಲ್ಲಿ ಪಂಚಾಯತಿ ಬೇರೆ ಗುಂಪಿನ ಕೈಗೆ ಹೋಗಿರುತ್ತದೆ, ಪಂಚಾಯತಿಯ ವಕೀಲರು ಬದಲಾಗಿರುತ್ತಾರೆ, ಹೊಸ ಆಡಳಿತಕ್ಕೆ ಹಳೆಯವರನ್ನು ಸಮರ್ಥಿಸುವ ಆಸಕ್ತಿ ಇರುವುದಿಲ್ಲ. ಬೆಂಗಳೂರಿನಲ್ಲಿ ಸ್ಥಿತಿ ಇನ್ನೂ ಮುಂದೆ ಹೋಗಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಕೊನೆಯ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಯಿತು. ಹಳೆಯ ಕೌನ್ಸಿಲಿನ ಸದಸ್ಯರು ಅಂದು ಹುದ್ದೆಯಲ್ಲಿದ್ದು ಮಾಡಿದ ಕೆಲಸಕ್ಕೆ ಇಂದು ಕಟಕಟೆಯಲ್ಲಿ ನಿಂತರೆ, ಅವರು ಸೇವೆ ಸಲ್ಲಿಸಿದ ಸಂಸ್ಥೆ ಆ ಹೆಸರಿನಲ್ಲಿ ಉಳಿದಿಲ್ಲ. ನೆರವಿನ ನಿಯಮ ಬರೆಯುವ ದಿನ ಬಂದರೆ ಹಾಲಿ ಸದಸ್ಯರ ಜತೆಗೆ ಮಾಜಿಗಳ ಹೆಸರನ್ನೂ, ಹುದ್ದೆಯಲ್ಲಿದ್ದಾಗ ಮಾಡಿದ ಕೆಲಸದ ಮಟ್ಟಿಗೆ, ಅದರಲ್ಲಿ ಸೇರಿಸಬೇಕಾಗುತ್ತದೆ.